ತಡೆ, ಆದರೆ ಬರೆದಿಡಬೇಡ

ಫೆಬ್ರವರಿ 11, ಮಂಗಳವಾರ

ಲಾಗ್‌ನಲ್ಲಿ ಇವತ್ತು ನಾಲ್ಕು ಸಾವಿರದ ಚಿಲ್ಲರೆ ಸಾಲು. ನಿನ್ನೆ ಮೂರು ಸಾವಿರ ಇತ್ತು. ಓದಿ ಓದಿ ಕಣ್ಣುರಿ. ಪಕ್ಕದ ಲಾಂಡ್ರಿಯ ಆವಿ ಬೇರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬೆಡ್‌ಶೀಟ್ ಕುದಿಸುವ ಕೋಣೆಗೆ ಅಂಟಿಕೊಂಡು ಸರ್ವರ್ ಇಟ್ಟ ಪುಣ್ಯಾತ್ಮ ಯಾರೋ. ಆ ವಾಸನೆ ನನ್ನ ಜೊತೆ ಮನೆಗೂ ಬರುತ್ತದೆ.

ಆಸ್ಪತ್ರೆಯವರು ನಮ್ಮ ಕಂಪನಿಗೆ ಒಪ್ಪಿಸಿದ ಕೆಲಸ ಇಷ್ಟೆ. ಇಲ್ಲಿ ಓಡುವ ಒಂದೊಂದು ಪ್ರೋಗ್ರಾಂಗೂ ಒಂದು ಲೇಬಲ್ ಅಂಟಿಸಬೇಕು. ಯಾವ ಲೇಬಲ್‌ನವನು ಯಾವ ಫೈಲ್ ಮುಟ್ಟಬಹುದು, ಯಾವ ಸಾಧನ ಬಳಸಬಹುದು ಎಂದು ಪಾಲಿಸಿ ಎಂಬ ನಿಯಮಪಟ್ಟಿಯಲ್ಲಿ ಬರೆಯಬೇಕು. ಬರೆದಿದ್ದರೆ ಉಂಟು. ಬರೆಯದಿದ್ದರೆ ಇಲ್ಲ. ಅಡ್ಮಿನ್ ಬಂದರೂ ಇಲ್ಲ, ಅವರಪ್ಪ ಬಂದರೂ ಇಲ್ಲ. ಈ ಖಡಾಖಂಡಿತ ನನಗೆ ಇಷ್ಟ. ಮನುಷ್ಯರಿಗೂ ಹೀಗೊಂದು ಇದ್ದಿದ್ದರೆ ಮನೆಗೆ ನೆಂಟರು ಕಡಿಮೆ ಬರುತ್ತಿದ್ದರು.

ಈಗ ಎರಡು ವಾರ ಪರ್ಮಿಸಿವ್. ಅಂದರೆ ಯಾರನ್ನೂ ತಡೆಯುವುದಿಲ್ಲ. ‘ಇದಕ್ಕೆ ಅಪ್ಪಣೆ ಇಲ್ಲ’ ಎಂದು ಲಾಗ್‌ನಲ್ಲಿ ಸುಮ್ಮನೆ ಬರೆದುಕೊಳ್ಳುತ್ತದೆ. ಅದನ್ನು ಓದಿ, ನ್ಯಾಯವಾದದ್ದಕ್ಕೆ ನಿಯಮ ಬರೆಯುವುದು ನನ್ನ ಪಾಲು. 21ರೊಳಗೆ ಎಲ್ಲ ಮಿಷಿನ್‌ಗೂ ಎನ್‌ಫೋರ್ಸಿಂಗ್. ಅಲ್ಲಿಂದ ನಿಜವಾದ ತಡೆ.

ಬೇರೆ ಯಾವುದೋ ಆಸ್ಪತ್ರೆಗೆ ಹ್ಯಾಕರ್ ನುಗ್ಗಿ ರೋಗಿಗಳ ಫೈಲಿಗೆಲ್ಲ ಬೀಗ ಜಡಿದನಂತೆ. ಅದಕ್ಕೇ ಈ ಅವಸರ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು. ಇನ್ನೊಂದು ವಾರ ಹೆಚ್ಚಿಗೆ ಕೇಳಿದೆ. ನಮ್ಮ ಮ್ಯಾನೇಜರ್ ‘ನೋಡೋಣ’ ಎಂದರು. ಅವರು ಎಲ್ಲದಕ್ಕೂ ನೋಡೋಣ ಎನ್ನುತ್ತಾರೆ, ಆಮೇಲೆ ನೋಡುವುದಿಲ್ಲ. ಕಂಪನಿಯಲ್ಲಿ ಅವರ ಹೆಸರೇ ನೋಡೋಣ.

ಈ ಡೈರಿ ಇವಳದು, ನನ್ನ ಹೆಂಡತಿಯದು. ಇವಳು ಕಾರು ಕಲಿಸುವ ಡ್ರೈವಿಂಗ್ ಸ್ಕೂಲಿನಲ್ಲಿ ಕೊಟ್ಟರಂತೆ. ಬಾಯಿ ಬಿಟ್ಟು ಹೇಳುವ ಗಿರಾಕಿ ನೀವಲ್ಲ, ಬರೆದಾದರೂ ಹಾಕಿ ಎಂದಳು.

ಫೆಬ್ರವರಿ 14, ಶುಕ್ರವಾರ

ರಕ್ತದಕ್ಕ ಕೆಳಗಿಳಿದು ಬಂದಿದ್ದರು. ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್. ಇಡೀ ಆಸ್ಪತ್ರೆಗೆ ರಕ್ತದಕ್ಕ. ಮೂವತ್ತೊಂದು ವರ್ಷದ ಸರ್ವಿಸ್, ಇನ್ನು ಏಳು ತಿಂಗಳಿಗೆ ನಿವೃತ್ತಿ. ಬಿಳಿ ಕೋಟಿನ ಜೇಬಿನಲ್ಲಿ ಮೂರು ಪೆನ್ನು, ಅದರಲ್ಲಿ ಎರಡು ಬರೆಯುವುದಿಲ್ಲ.

ಕೇಳಿದ್ದು ಒಂದೇ. ಫ್ರಿಜ್ ಆರು ಡಿಗ್ರಿ ದಾಟಿದರೆ ಅವರ ಫೋನಿಗೆ ಮೆಸೇಜ್ ಕಳಿಸುವ ಪ್ರೋಗ್ರಾಂ ಇದೆ — ನಾನು ಅದಕ್ಕೆ ಕೂಗುಮಾರಿ ಎಂದು ಹೆಸರಿಟ್ಟಿದ್ದೇನೆ. ಈ ಲೇಬಲ್ ಗಲಾಟೆಯಲ್ಲಿ ಅದಕ್ಕೇನೂ ಆಗುವುದಿಲ್ಲ ತಾನೆ? ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆಯವರೆಗೆ ಅವರ ಕೋಣೆಗೆ ಬೀಗ. ವಾರ್ಡಿನವರು ರಕ್ತ ಬೇಕೆಂದು ಕರೆದರೆ ಬರುತ್ತಾರೆ, ಇಲ್ಲದಿದ್ದರೆ ಆ ಮೆಸೇಜ್ ಒಂದೇ ಕಾವಲು. ಫ್ರಿಜ್‌ನ ಸ್ವಂತ ಗಂಟೆ ಬೀಗ ಹಾಕಿದ ಕೋಣೆಯೊಳಗೆ ಬಡಿದುಕೊಂಡರೆ ಯಾರಿಗೂ ಕೇಳುವುದಿಲ್ಲ.

ಲಿಸ್ಟ್ ತೋರಿಸಿದೆ. ಕೂಗುಮಾರಿ ಥರ್ಮಾಮೀಟರ್ ಓದುತ್ತದೆ — ನಿಯಮ ಇದೆ. ತನ್ನ ಫೈಲಿಗೆ ಬರೆಯುತ್ತದೆ — ನಿಯಮ ಇದೆ. ಅಕ್ಕ ಕನ್ನಡಕ ಏರಿಸಿ ಎಲ್ಲ ಓದಿದರು. ಅರ್ಥವಾಗಲಿಲ್ಲ, ಆದರೂ ಓದಿದರು.

ಫೆಬ್ರವರಿ 18, ಮಂಗಳವಾರ

ಶನಿ ಹಿಡಿದ ಮೋಡೆಮ್. ಸಿಮ್ ಹಾಕಿ ಸರ್ವರಿಗೆ ಸಿಕ್ಕಿಸಿದ ಪುಟ್ಟ ಡಬ್ಬಿ. ಯಾವ್ಯಾವುದೋ ಸರ್ವಿಸ್‌ಗಳು ನಿಮಿಷಕ್ಕೊಮ್ಮೆ ಅದನ್ನು ಮುಟ್ಟಿ ನೋಡುತ್ತವೆ. ಕೆಲಸವಿಲ್ಲ, ಚಪಲ. ಲಾಗ್‌ನ ಮುಕ್ಕಾಲು ಪಾಲು ಇದೇ ಕಸ. ಕಸದ ನಡುವೆ ಕಾಳು ಕಾಣುವುದೇ ಇಲ್ಲ.

ಇದಕ್ಕೂ ಒಂದು ನಿಯಮ ಉಂಟು: ತಡೆ, ಆದರೆ ಬರೆದಿಡಬೇಡ. ಬಾಗಿಲು ಹಾಕು, ಬಂದವರ ಹೆಸರು ಕೇಳಬೇಡ. ಒಂದೊಂದಕ್ಕೆ ಬೇರೆ ಬೇರೆ ಬರೆಯಲು ಪುರುಸೊತ್ತಿಲ್ಲ. ಇಡೀ ಗುಂಪಿಗೆ ಸೇರಿಸಿ ಒಂದೇ ಸಾಲು ಬರೆದೆ. ಲಾಗ್ ತಣ್ಣಗಾಯಿತು. ಊಟದ ಹೊತ್ತಿಗೆ ನಾನೂ ತಣ್ಣಗಾದೆ.

ಫೆಬ್ರವರಿ 20, ಗುರುವಾರ

ಅಕ್ಕ ಮತ್ತೆ. ಥರ್ಮಾಮೀಟರಿನ ತುದಿ ಫ್ರಿಜ್‌ನಿಂದ ಹೊರಗೆ ತೆಗೆದು ಒಂದು ಲೋಟ ಬಿಸಿನೀರಿಗೆ ಹಾಕುತ್ತಾರಂತೆ. ಕಾಲು ಗಂಟೆ ಕಾದರೆ ಮೆಸೇಜ್ ಬರಬೇಕು. ಬಂದರೆ ಸಮಾಧಾನ. ಈ ಎರಡು ವಾರದಲ್ಲಿ ಫ್ರಿಜ್ ಒಮ್ಮೆಯೂ ಬಿಸಿಯಾಗಿಲ್ಲ, ಅದಕ್ಕೇ ಅನುಮಾನ ಎಂದರು.

ನಾಳೆ ಕೊನೆಯ ದಿನ. ಬ್ಲಡ್ ಬ್ಯಾಂಕಿನದು ಸೇರಿ ಕೆಲವು ಮಿಷಿನ್ ಬೆಳಿಗ್ಗೆಯೇ ಎನ್‌ಫೋರ್ಸಿಂಗ್‌ಗೆ ಹಾಕಿದ್ದೆ, ಇನ್ನೂ ಹದಿನೇಳು ಬಾಕಿ. ರೇಗಿತು. ತೋರಿಸಲಿಲ್ಲ, ನಕ್ಕೆ. ‘‘ಅಕ್ಕಾ, ಮಿಷಿನ್ ನಮ್ಮ ಹಾಗೆ ಮರೆಯೋದಿಲ್ಲ’’ ಎಂದೆ.

ಲೋಟ ಹಿಡಿದುಕೊಂಡೇ ಬಂದಿದ್ದರು. ಹಾಗೇ ತೆಗೆದುಕೊಂಡು ಹೋದರು.

ಫೆಬ್ರವರಿ 21, ಶುಕ್ರವಾರ, ಸಂಜೆ 5.30

ಎನ್‌ಫೋರ್ಸಿಂಗ್. ಎಲ್ಲ ಮಿಷಿನ್. ಒಂದೂ ಫೋನ್ ಬರಲಿಲ್ಲ. ಲ್ಯಾಬ್ ನಡೆಯುತ್ತಿದೆ, ಫಾರ್ಮಸಿ ನಡೆಯುತ್ತಿದೆ. ನೋಡೋಣ ಬಂದು ಬೆನ್ನು ತಟ್ಟಿದರು. ಇನ್ನು ಈ ಡೈರಿಗೂ ಕೆಲಸವಿಲ್ಲ.

ಮಾರ್ಚ್ 3, ಸೋಮವಾರ

ಬ್ಲಡ್ ಬ್ಯಾಂಕ್ ಫ್ರಿಜ್ ಕೆಟ್ಟಿದೆ. ಕಂಪ್ರೆಸರ್. ಶನಿವಾರವೇ ನಿಂತಿದೆ. ಬೆಳಿಗ್ಗೆ ಎಂಟಕ್ಕೆ ಅಕ್ಕ ಬೀಗ ತೆಗೆದಾಗ ಒಳಗೆ ಹತ್ತೊಂಬತ್ತು ಡಿಗ್ರಿ, ಗಂಟೆ ಬಡಿದುಕೊಳ್ಳುತ್ತಿತ್ತು. ಐವತ್ತೆರಡು ಚೀಲ ರಕ್ತ ಕಸಕ್ಕೆ.

ಒಂಬತ್ತಕ್ಕೆ ಹೆರಿಗೆ ವಾರ್ಡಿನಿಂದ ಚೀಟಿ ಬಂತಂತೆ. ಓ ನೆಗೆಟಿವ್. ಇದ್ದದ್ದು ಎರಡೇ ಚೀಲ, ಎರಡೂ ಹೋಗಿದ್ದವು. ಬಾಣಂತಿಯನ್ನು ಆಂಬ್ಯುಲೆನ್ಸಿನಲ್ಲಿ ಬೇರೆ ಆಸ್ಪತ್ರೆಗೆ ಸಾಗಿಸಿದರು. ಐಸಿಯುನಲ್ಲಿದ್ದಾಳೆ. ಮಗು ಇಲ್ಲೇ.

ಅಕ್ಕ ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತಿದ್ದರು. ಎಲ್ಲರ ಪ್ರಶ್ನೆಯೂ ಒಂದೇ: ಮೆಸೇಜ್ ಬಂದಾಗ ನೀವು ಯಾಕೆ ಬರಲಿಲ್ಲ? ಮೆಸೇಜೇ ಬರಲಿಲ್ಲ ಎನ್ನುತ್ತಾರೆ ಅಕ್ಕ.

ಓಡಿ ಬಂದು ಲಾಗ್ ನೋಡಿದೆ.  ಶನಿವಾರದಿಂದ ಈವರೆಗೆ ಕೂಗುಮಾರಿಯ ಹೆಸರಿನಲ್ಲಿ ಒಂದೂ ತಡೆ ಇಲ್ಲ. ಒಂದೂ ಇಲ್ಲ. ಉಸಿರು ಬಂತು.

ಮಾರ್ಚ್ 4, ಮಂಗಳವಾರ

ವಿಚಾರಣಾ ಸಮಿತಿಗೆ ವರದಿ ಬರೆದುಕೊಟ್ಟೆ. ‘ಭದ್ರತಾ ಪಾಲಿಸಿ ಯಾವ ಮೆಸೇಜನ್ನೂ ತಡೆದಿಲ್ಲ. ಲಾಗ್ ಸ್ವಚ್ಛವಾಗಿದೆ.’ ಕೆಳಗೆ ಸಹಿ, ಕಂಪನಿ ಸೀಲು. ನೋಡೋಣ ಎರಡು ಸಲ ಓದಿ ಫೋಲ್ಡರಿಗೆ ಹಾಕಿಕೊಂಡರು.

ಸಂಜೆಯೊಳಗೆ ಅಕ್ಕ ಸಸ್ಪೆಂಡ್.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಸ್ನಾನ ಮಾಡುವಾಗ ನೆನಪಾಯಿತು. ಮೈಮೇಲೆ ನೀರು ಬೀಳುತ್ತಲೇ ಇತ್ತು.

ತಡೆ, ಆದರೆ ಬರೆದಿಡಬೇಡ.

ಸಂಜೆ 4

ಮಾಡಿ ನೋಡಿದೆ. ಬದಲಿ ಫ್ರಿಜ್‌ಗೆ ಹಾಕಿರುವ ಅದೇ ಥರ್ಮಾಮೀಟರಿನ ತುದಿ, ಒಂದು ಲೋಟ ಬಿಸಿನೀರು. ಮೆಸೇಜ್ ಪಡೆಯುವ ನಂಬರ್ ಬದಲಿಸಿ ನನ್ನದು ಹಾಕಿದೆ. ಇಪ್ಪತ್ತು ನಿಮಿಷ ಫೋನ್ ನೋಡುತ್ತ ಕುಳಿತೆ. ಏನೂ ಬರಲಿಲ್ಲ. ಲಾಗ್ ಸ್ವಚ್ಛ.

ಆಮೇಲೆ ಆ ‘ಬರೆದಿಡಬೇಡ’ಗಳನ್ನೆಲ್ಲ ತೆಗೆದುಹಾಕಿ ಮತ್ತೆ ಲೋಟ. ಬಂತು ಸಾಲು. ಕೂಗುಮಾರಿ, ಮೋಡೆಮ್, ತಡೆಯಲಾಗಿದೆ.

ಮೆಸೇಜ್ ಹೋಗುವುದು ಮೋಡೆಮ್‌ನಿಂದ. ಆ ಎರಡು ವಾರ ಕೂಗುಮಾರಿ ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ, ಮುಟ್ಟುವ ಪ್ರಸಂಗ ಬಂದಿರಲಿಲ್ಲ. ಆದ್ದರಿಂದ ನಾನು ಅಪ್ಪಣೆ ಬರೆಯಲಿಲ್ಲ. ಆಮೇಲೆ, ಇಡೀ ಗುಂಪಿಗೆ ಬರೆದ ಆ ಒಂದು ಸಾಲಿನಲ್ಲಿ, ಅದರ ಬಾಯನ್ನೂ ಕಟ್ಟಿದೆ. ಅಕ್ಕ ಲೋಟ ಹಿಡಿದು ಬಾಗಿಲಿಗೆ ಬಂದಿದ್ದರಲ್ಲ. ಕಾಲು ಗಂಟೆ. ಬರೀ ಕಾಲು ಗಂಟೆ.

ಅಪ್ಪಣೆ ಬರೆದು ಸರಿಮಾಡಿದೆ. ಅಂಗೈಯಗಲ ಕೆಲಸ. ಮೂರನೇ ಸಲ ಲೋಟ ಇಟ್ಟಾಗ ಫೋನ್ ಟಿಣ್ ಎಂದಿತು. 

ಮಾರ್ಚ್ 6, ಗುರುವಾರ

ನೋಡೋಣರಿಗೆ ಎಲ್ಲ ಹೇಳಿದೆ. ಬಾಗಿಲು ಮುಂದೆ ಮಾಡಿ ಬಂದು ಕುಳಿತರು. ಇವತ್ತು ನೋಡೋಣ ಎನ್ನಲಿಲ್ಲ.

‘‘ಸರಿಮಾಡಿದ್ದೀರಿ ತಾನೆ? ಮುಗೀತು. ವರದಿ ಕೊಟ್ಟಾಗಿದೆ. ಕೊಟ್ಟ ಮೇಲೆ ಅದು ನಿಮ್ಮದಲ್ಲ, ಕಂಪನೀದು.’’

ಅಕ್ಕನ ಗತಿ ಏನು ಎಂದೆ. ಬಾಣಂತಿಗೆ ಪ್ರಜ್ಞೆ ಬಂದಿದೆ, ಯಾರೂ ಸತ್ತಿಲ್ಲ ಎಂದರು. ಅಕ್ಕ ತನ್ನ ಅಜಾಗರೂಕತೆ ಎಂದು ಬರೆದುಕೊಟ್ಟರೆ ಸಮಿತಿ ಏಳು ತಿಂಗಳು ಮೊದಲೇ ಮನೆಗೆ ಕಳಿಸಿ ಕೈತೊಳೆದುಕೊಳ್ಳುತ್ತದಂತೆ, ಬೇರೆ ಶಿಕ್ಷೆ ಇಲ್ಲ. 13ಕ್ಕೆ ಹನ್ನೊಂದು ಗಂಟೆಗೆ ಸಹಿ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ ಎಂದರು. ಯಾರು ಹಾವು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಇದನ್ನೂ ಬರೆಯಬೇಕು, ಇಲ್ಲದಿದ್ದರೆ ಈ ಪುಸ್ತಕವೂ ಸುಳ್ಳು: ಹೊರಗೆ ಬಂದಾಗ ಹಗುರಾಗಿತ್ತು. ಮೇಲಿನವರೇ ಸುಮ್ಮನಿರು ಎಂದ ಮೇಲೆ ನನ್ನದೇನು ಎನಿಸಿತು. ಲಿಫ್ಟಿನ ತನಕ ಹಾಗೇ ಇತ್ತು. ಲಿಫ್ಟಿನಲ್ಲಿ ಹೆರಿಗೆ ವಾರ್ಡಿನ ಆಯಾ, ಕೈಯಲ್ಲಿ ಆ ಮಗು.

ಮಾರ್ಚ್ 8, ಶನಿವಾರ

ಎರಡು ದಿನದಿಂದ ಊಟ ಸೇರುತ್ತಿಲ್ಲ. ಯಾರಾದರೂ ಫ್ರಿಜ್ ಎಂದರೆ ಸಾಕು ಬೆಚ್ಚುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು. ಇವಳು ಮುಖ ನೋಡಿ ನೋಡಿ ಸಾಕಾಗಿ, ತಟ್ಟೆ ಸರಿಸಿ, ಹೇಳದಿದ್ದರೆ ಏಳುವುದಿಲ್ಲ ಎಂದು ಕುಳಿತಳು. ಹೇಳಿದೆ.

ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿಲ್ಲ. ತುಂಬ ಹೊತ್ತು ಉಪ್ಪಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದಳು.

‘‘ಕಲಿಯೋರ ಧೈರ್ಯ ಎಲ್ಲ ನನ್ನ ಕಾಲಡಿ ಇರೋ ಎರಡನೇ ಬ್ರೇಕಿಂದು ಕಣ್ರೀ. ಆ ಬ್ರೇಕ್ ಕಿತ್ತು ಬಂದಿದೆ ಅಂತ ನಂಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಕಾರು ಗುದ್ದಿತು. ಆಗ ಸ್ಟಿಯರಿಂಗ್ ಹಿಡಿದಿದ್ದೋರನ್ನ ತೋರಿಸಿ ನಾನು ಮನೆಗೆ ಬಂದು ಊಟ ಮಾಡಲಾ?’’

ಕೆಲಸ ಹೋಗುತ್ತದೆ ಎಂದೆ. ಹೋಗಬಹುದು ಎಂದಳು. ಸುಳ್ಳು ವರದಿ ಕೊಟ್ಟೆ ಎಂದು ಕೇಸೂ ಆಗಬಹುದು ಎಂದೆ.  ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿತು, ಪಾತ್ರೆಯ ಸದ್ದು ಬಹಳ ಹೊತ್ತು ಕೇಳಲಿಲ್ಲ.

ಮಾರ್ಚ್ 10, ಸೋಮವಾರ

ಅರ್ಧ ದಿನ ರಜೆ ಹಾಕಿ ಅಕ್ಕನ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ಆಸ್ಪತ್ರೆಯಿಂದ ನಡೆದರೆ ಹತ್ತು ನಿಮಿಷ. ಎರಡನೇ ಮಹಡಿ, ಒಂದೇ ಕೋಣೆ, ಕಿಟಕಿಯಲ್ಲಿ ಒಗೆದು ಇಸ್ತ್ರಿ ಮಾಡಿ ತೂಗುಹಾಕಿದ ಬಿಳಿ ಕೋಟು. ಒಬ್ಬರೇ ಇರುವುದು. ಹೋದದ್ದಕ್ಕೆ ಎಷ್ಟು ಖುಷಿ ಪಟ್ಟರೆಂದರೆ ನನಗೆ ಕೂರಲಾಗಲಿಲ್ಲ. ಆಸ್ಪತ್ರೆಯಿಂದ ಬಂದವನು ನಾನೊಬ್ಬನೇ ಅಂತೆ.

ಫೋನ್ ಕಂಪನಿಯಿಂದ ಮೆಸೇಜ್ ಪಟ್ಟಿ ತರಿಸಿ ಎಂದು ಸಮಿತಿಯನ್ನು ಕೇಳಿದರಂತೆ. ಕಂಪ್ಯೂಟರ್‌ನವರ ವರದಿ ಇದೆ, ಅದೇ ಸಾಕು ಎಂದರಂತೆ. ಆ ವರದಿ ಬರೆದವನಿಗೆ ಟೀ ಕೊಟ್ಟರು. ಕುಡಿದೆ.

ಫೋನ್ ಅವರೆದುರು ಮೇಜಿನ ಮೇಲೆ. ಮಾತಿನ ನಡುವೆ ಎತ್ತಿ ನೋಡುತ್ತಾರೆ, ಇಡುತ್ತಾರೆ. ಆಮೇಲೆ ಹೇಳಿದರು —

‘‘ಬಂದಿತ್ತೇನೋ ತಮ್ಮಾ. ಸಾಲ ಬೇಕಾ, ಸೈಟು ಬೇಕಾ ಅಂತ ದಿನಾ ಬರ್ತವಲ್ಲ, ಅವನ್ನ ಒಟ್ಟಿಗೆ ಅಳಿಸಿಬಿಡ್ತೀನಿ. ಅದರ ಜೊತೆ ಅಳಿಸಿದೆನೋ ಏನೋ. ನಂಗೆ ನೆನಪೇ ಇಲ್ಲ. ನೀನೇ ಹೇಳಿದ್ದೆಯಲ್ಲ, ಮಿಷಿನ್ ಮರೆಯೋದಿಲ್ಲ ಅಂತ. ಹಂಗಾದ್ರೆ ಮರೆತಿದ್ದು ನಾನೇ.’’

ಲೋಟ ಕೆಳಗಿಟ್ಟೆ. ಟೀ ಚೆನ್ನಾಗಿತ್ತು ಎಂದೆ. 

ಹೊರಡುವಾಗ ಬಾಗಿಲ ತನಕ ಬಂದರು. ಎಷ್ಟು ಮೆಸೇಜ್ ಬಂದಿದ್ದವು ಎಂದು ನೋಡಿದರೆ ಗೊತ್ತಾಗುತ್ತದಾ ಎಂದು ಕೇಳಿದರು. ‘‘ಒಂದೇ ಆಗಿದ್ರೆ ಅಳಿಸಿದೆ ಅನ್ಕೋಬಹುದು. ಹತ್ತು ಬಂದೂ ನೋಡ್ಲಿಲ್ಲ ಅಂದ್ರೆ ನಾನು ಮನುಷ್ಯಳೇ ಅಲ್ಲ ಬಿಡು.’’

ನೋಡಿ ಹೇಳುತ್ತೇನೆ ಎಂದೆ. ಮೆಟ್ಟಿಲಿಳಿದು ರಸ್ತೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ಹೇಡಿ. ಬೇರೆ ಪದ ಬೇಡ.

ಮಾರ್ಚ್ 12, ಬುಧವಾರ, ರಾತ್ರಿ

ಕೂಗುಮಾರಿಯ ಸ್ವಂತ ಫೈಲ್ ತೆರೆದೆ. ‘ತನ್ನ ಫೈಲಿಗೆ ಬರೆಯುತ್ತದೆ’ ಎಂದು ಅಪ್ಪಣೆ ಕೊಟ್ಟಿದ್ದೆನಲ್ಲ, ಅದು. ಬರೆದಿಡಬೇಡ ಎಂದು ನಾನು ಹೇಳಿದ್ದು ಕಾವಲುಗಾರನಿಗೆ. ಪಾಪ, ಇದು ತನ್ನ ಪಾಡಿಗೆ ಬರೆದುಕೊಂಡಿದೆ. ಇಷ್ಟು ದಿನ ತೆರೆದು ನೋಡುವ ಬುದ್ಧಿ ನನಗೆ ಬರಲಿಲ್ಲ.

ಶುರು: ಶನಿವಾರ ಸಂಜೆ 4.15. ಕಾಲು ಗಂಟೆಗೊಮ್ಮೆ. ಕೊನೆ: ಸೋಮವಾರ ಬೆಳಿಗ್ಗೆ 8.00.

ಪ್ರಯತ್ನ 160. ಯಶಸ್ವಿ 0.

ಪ್ರಿಂಟ್ ತೆಗೆದೆ. ನನ್ನ ನಿಯಮದ ಸಾಲು, ಬರೆದ ತಾರೀಖು, ಲೋಟದ ಪರೀಕ್ಷೆಯ ಸಾಲು — ಅವನ್ನೂ. ನಾಲ್ಕು ಹಾಳೆ. ಪ್ರಿಂಟರ್ ಬಳಿ ನೋಡೋಣ ನಿಂತಿದ್ದರು. ಹಾಳೆ ನೋಡಿದರು, ನನ್ನನ್ನು ನೋಡಿದರು. ಕಂಪನಿ ನಿಮ್ಮ ಹಿಂದೆ ನಿಲ್ಲುವುದಿಲ್ಲ ಎಂದು ಮೆಲ್ಲಗೆ ಹೇಳಿ ಹೋದರು. ಕೆಟ್ಟವರೇನಲ್ಲ. ಹೆದರಿದ್ದಾರೆ. ನಾನೂ ಹೆದರಿದ್ದೇನೆ.

ಸಂಜೆ ಇವಳಿಗೆ ಹಾಳೆ ತೋರಿಸಿದೆ. 160ರ ಮೇಲೆ ಬೆರಳಿಟ್ಟಳು. ಆಮೇಲೆ ನನ್ನ ಶರ್ಟು ಇಸ್ತ್ರಿ ಮಾಡಿದಳು.

ಮಾರ್ಚ್ 13, ಗುರುವಾರ, 10.35

ಮೂರನೇ ಮಹಡಿ, ಸಮಿತಿ ಕೋಣೆಯ ಹೊರಗಿನ ಬೆಂಚು. ಡೈರಿ ಬ್ಯಾಗಿನಲ್ಲಿತ್ತು. ಬರೆಯುತ್ತಿದ್ದರೆ ಎದ್ದು ಓಡಿಹೋಗುವುದಿಲ್ಲ. ನನ್ನನ್ನು ಯಾರೂ ಕರೆದಿಲ್ಲ. ಬಾಣಂತಿ ನಿನ್ನೆ ಆ ಆಸ್ಪತ್ರೆಯಲ್ಲೇ ಐಸಿಯುನಿಂದ ವಾರ್ಡಿಗೆ ಬಂದಳಂತೆ, ಮಗುವನ್ನು ಅಲ್ಲಿಗೇ ಕಳಿಸಿದರಂತೆ. ಇನ್ನು ಉಳಿದಿರುವುದು ಅಕ್ಕ ಮಾತ್ರ.

10.45

ಅಕ್ಕ ಬಂದರು. ಕೋಟು ಹಾಕಿಲ್ಲ. ಹಾಕಬಾರದು ಎಂದಿದ್ದಾರಂತೆ. ನೀನ್ಯಾಕೋ ಬಂದೆ ತಮ್ಮಾ, ಕೆಲಸ ಇಲ್ವಾ ಎಂದು ಪಕ್ಕದಲ್ಲೇ ಕುಳಿತರು. ಕೈಯಲ್ಲಿ ಕವರ್. ಒಪ್ಪಿಗೆ ಪತ್ರ ಅದರಲ್ಲೇ, ರಾತ್ರಿಯೇ ಬರೆದಿಟ್ಟಿದ್ದಾರೆ. ಸಹಿ ಒಂದು ಬಾಕಿ.

ಹಾಳೆ ಕೊಟ್ಟೆ. ಹೇಳಿದೆ. ಎಲ್ಲ. ಲೋಟದ್ದೂ ಹೇಳಿದೆ, ವರದಿಯದೂ ಹೇಳಿದೆ. ನಿಮ್ಮ ಫೋನಿಗೆ ಏನೂ ಬಂದಿಲ್ಲ, ನೀವು ಏನನ್ನೂ ಅಳಿಸಿಲ್ಲ ಎಂದೆ. ಕಾರಿಡಾರಿನಲ್ಲಿ ಜನ ಓಡಾಡುತ್ತಿದ್ದರು, ನಾನು ಅಳುತ್ತಿದ್ದೆ.

ಅಕ್ಕ ಕನ್ನಡಕ ಏರಿಸಿ ಓದಿದರು. ಅವತ್ತಿನ ಹಾಗೇ, ಮೊದಲಿಂದ ಕೊನೆಯ ತನಕ. 160ರ ಹತ್ತಿರ ನಿಂತರು.

‘‘ಅಷ್ಟೂ ಸಲ ನನ್ನೇ ಕರೀತಿತ್ತಾ?’’

ಹೌದು ಎಂದೆ.

‘‘ಶನಿವಾರ ಸಂಜೆ ಮನೇಲೇ ಇದ್ದೆ. ಭಾನುವಾರ ಇಡೀ ದಿನ ಇದ್ದೆ. ಕೋಟು ಒಗೀತಿದ್ದೆ.’’

 ಬಯ್ಯಲಿಲ್ಲ. ಹಾಳೆ ಮಡಿಸಿ ನನ್ನ ಕೈಗೇ ವಾಪಸ್ ಕೊಟ್ಟರು. ತಮ್ಮ ಕವರನ್ನು ಎರಡಾಗಿ ಹರಿದು ಚೀಲಕ್ಕೆ ಹಾಕಿಕೊಂಡರು. ಆಮೇಲೆ ಬೆಂಚಿನ ಮೇಲೆ ನನ್ನಿಂದ ಒಂದು ಮೊಳ ದೂರ ಸರಿದು ಕುಳಿತರು. ಇದನ್ನು ಬರೆಯುವಾಗಲೂ ಅಷ್ಟೇ ದೂರದಲ್ಲಿದ್ದಾರೆ. ತಮ್ಮಾ ಎಂದು ಇನ್ನು ಕರೆಯುವುದಿಲ್ಲ ಎನಿಸುತ್ತದೆ. ನ್ಯಾಯ.

11.00

ಬಾಗಿಲು ತೆರೆಯಿತು. ಅಟೆಂಡರ್ ಕರೆದದ್ದು ಅಕ್ಕನನ್ನು. ಅಕ್ಕ ಏಳಲಿಲ್ಲ. ನನ್ನ ಕೈಯಲ್ಲಿರುವ ಹಾಳೆಯನ್ನೇ ನೋಡುತ್ತಿದ್ದಾರೆ. ಅವನು ಎರಡನೇ ಸಲ ಕರೆದ. ಒಳಗೆ ನೋಡೋಣ ಕುಳಿತಿರುವುದು ಕಾಣುತ್ತದೆ, ಮುಂದೆ ನನ್ನ ವರದಿ. ಅವನು ಮೂರನೇ ಸಲ ಕರೆಯುವ ಮೊದಲು ನಾನು ಈ ಹಾಳೆ ಹಿಡಿದು ಒಳಗೆ —